ಗಂಟೆಗೆ ತಗ್ಗದ ಮೇಕೆಗಳು

ಕಣಿವೆಯ ಗಂಟೆ ಮೊಳಗಿದಾಗ ಎಲ್ಲರೂ ತಲೆ ತಗ್ಗಿಸಬೇಕಿತ್ತು. ಮೇಕೆಗಳು ತಗ್ಗಿಸಲಿಲ್ಲ. ಗಂಟೆ ನಾಯಿಗಳನ್ನು ಛೂಬಿಟ್ಟು ಮೇಕೆಗಳನ್ನು ಹಿಮಬೆಟ್ಟದಾಚೆ ಅಟ್ಟಿಸಿತು. ದಾರಿಯಲ್ಲಿ ಮರಿಗಳೆಲ್ಲ ಸತ್ತವು.

ಮೂರು ಚಳಿಗಾಲ ಕಳೆದ ಮೇಲೆ, ಉಳಿದ ಏಳು ಮೇಕೆಗಳು ಅದೇ ಬೆಟ್ಟ ಹತ್ತಿಳಿದು ತಮ್ಮ ಕಣಿವೆಗೆ ಮರಳಿದವು.

"ಬಂದಿರಾ? ಹೋಗಲಿ, ನಿಮ್ಮನ್ನು ಕ್ಷಮಿಸಿದ್ದೇನೆ," ಎಂದಿತು ಗಂಟೆ.

"ನನ್ನ ಎರಡು ಮರಿಗಳು ಆ ಹಿಮದಡಿ ಬಿದ್ದಿವೆ. ಕ್ಷಮಿಸಲು ನೀನು ಯಾರು?" ಎಂದಿತು ಮುದಿ ಮೇಕೆ.

"ಸಿಟ್ಟೇಕೆ ಅಜ್ಜಿ? ಹಸಿದಿದ್ದೀರಿ, ಮೇಯಿರಿ."

ಮೇಕೆಗಳು ಹುಲ್ಲಿಗೆ ಬಾಯಿ ಹಾಕಿದವು. ತಕ್ಷಣ ಗಂಟೆ ಢಣಢಣ ಮೊಳಗಿ, "ನೋಡಿ, ಕೊನೆಗೂ ತಲೆ ತಗ್ಗಿಸಿದವು," ಎಂದು ಕಣಿವೆಗೆಲ್ಲ ಸಾರಿತು.

ಮುದಿ ಮೇಕೆ ಬಾಯಲ್ಲಿದ್ದ ಹುಲ್ಲನ್ನು ಉಗಿದು ತಲೆ ಎತ್ತಿತು. ಉಳಿದ ಆರೂ ಎತ್ತಿದವು. ಸಂಜೆಯವರೆಗೂ ಗಂಟೆ ಬಡಿದುಕೊಳ್ಳುತ್ತಲೇ ಇತ್ತು. ಸಂಜೆಯವರೆಗೂ ಏಳು ಮೇಕೆಗಳು ಹಸಿದುಕೊಂಡೇ ನಿಂತಿದ್ದವು.