ಅರಮನೆ ಕಾರಿನ ಕೊನೆಯ ಅಂಕಿ

ಆರ್‌ಟಿಓ ಗುಮಾಸ್ತನಿಗೆ ಕೊಟ್ರಬಸಪ್ಪನ ಕಾಟ ಸಾಕುಸಾಕಾಗಿತ್ತು. ವಾರದಿಂದ ಅದೇ ರಾಗ. "ಇದು ಅರವತ್ತೊಂಬತ್ತನೇ ಇಸವಿಯ ಅಮೆರಿಕದ ಭಾರೀ ಇಂಜಿನ್ನಿನ ಮಸಲ್ ಕಾರು ಕಣಯ್ಯ, ಅರಮನೆಗೇ ಅಂತ ಹಡಗಲ್ಲಿ ಬಂದಿದ್ದು. ಅಸಲಿ ಅಂತ ಬರೆದುಕೊಡು. ಇಲ್ಲಾಂದ್ರೆ ನಿನ್ನ ಎತ್ತಂಗಡಿ ಮಾಡಿಸ್ತೀನಿ."

ಗುಮಾಸ್ತ ಎದ್ದು ಕಾರಿನ ಹತ್ತಿರ ಹೋದ. ಎಲ್ಲ ಗಾಡಿಗೂ ಮಾಡುವಂತೆ ಲೋಹದ ಚೌಕಟ್ಟಿನಲ್ಲಿ ಕೊರೆದಿದ್ದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ. ಅದರ ಕೆಳಗೆ ಕೊಟ್ರಬಸಪ್ಪನ ಸಹಿ ಹಾಕಿಸಿಕೊಂಡ. ಆಮೇಲೆ ನಿಟ್ಟುಸಿರು ಬಿಟ್ಟ.

"ಛೆ, ಸ್ವಲ್ಪದರಲ್ಲಿ ತಪ್ಪಿಹೋಯ್ತು ಸಾರ್. ಅರಮನೆ ಕಾರಿನ ನಂಬರ್ ಎಂಟರಲ್ಲಿ ಮುಗಿಯುತ್ತೆ. ನಿಮ್ಮದು ಮೂರರಲ್ಲಿ."

ಕೊಟ್ರಬಸಪ್ಪ ಕಾರು ಹತ್ತಿ ಹೋದ. ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಹಾಜರಾದ. "ನಿನ್ನೆ ನಿನ್ನ ಕಣ್ಣಿಗೇನಾಗಿತ್ತು? ಸರಿಯಾಗಿ ನೋಡು, ಎಂಟೇ ಇದೆ."

ಗುಮಾಸ್ತ ಮತ್ತೆ ಪೆನ್ಸಿಲ್ ಉಜ್ಜಿದ. ನಿಜ, ಎಂಟೇ ಇತ್ತು. ನಿನ್ನೆಯ ಕಾಗದ ತಂದು ಪಕ್ಕಕ್ಕಿಟ್ಟ.

"ಅರಮನೆ ಕಾರಿನ ನಂಬರ್ ನನಗೆ ಗೊತ್ತೇ ಇಲ್ಲ ಸಾರ್," ಎಂದ.

ಕೊಟ್ರಬಸಪ್ಪ ಬೆವರು ಒರೆಸಿಕೊಂಡ. ಗುಮಾಸ್ತ ಫಾರಂ ಎಳೆದುಕೊಂಡು ಪೆನ್ನು ತೆಗೆದ.

"ಕಾರು ತಯಾರಾದ ದಿನ ಅಂತ ಇಲ್ಲೊಂದು ಕಾಲಂ ಇದೆ. ನಿನ್ನೆಯ ತಾರೀಕು ಹಾಕಲಾ?"