ದಾದಿಯ ಸ್ಟೂಲು

“ಗುರುಗಳೇ, ನಮ್ಮ ಆಸ್ಪತ್ರೆಯ ದಾದಿಯರು ಹೇಳಿದಷ್ಟು ಮಾಡುತ್ತಾರೆ. ಅದರಾಚೆಗೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುವುದಿಲ್ಲ. ಅವರಲ್ಲಿ ಸೇವಾಭಾವ ಹುಟ್ಟಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ. ಮಠದ ಆಸ್ಪತ್ರೆಯ ಉಸ್ತುವಾರಿ ಆರು ವರ್ಷಗಳಿಂದ ಅವನದೇ.

ಗುರುಗಳು ಹೇಳಿದರು:

ಒಬ್ಬ ವರ್ತಕ ಆಸ್ಪತ್ರೆ ಕಟ್ಟಿಸಿದ. ಅಲ್ಲಿಗೆ ಲಕ್ವ ಹೊಡೆದ ಮುದುಕಿಯೊಬ್ಬಳನ್ನು ತಂದು ಸೇರಿಸಿದರು. ಅವಳಿಗೆ ಮಾತು ನಿಂತಿತ್ತು, ಸರಿಯಾಗಿ ನುಂಗಲೂ ಬರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ತಂದಿಡುವುದಷ್ಟೇ ದಾದಿಯ ಕೆಲಸ. ಆದರೆ ಅಲ್ಲಿನ ಒಬ್ಬ ದಾದಿ ಸ್ಟೂಲು ಎಳೆದುಕೊಂಡು ಮಗ್ಗುಲಲ್ಲಿ ಕೂತು, ಅರ್ಧ ಚಮಚ ಕುಡಿಸಿ, ಅದು ಗಂಟಲಿಳಿಯುವವರೆಗೆ ಕಾದು, ಮತ್ತೆ ಅರ್ಧ ಚಮಚ ಕುಡಿಸುತ್ತಿದ್ದಳು. ಬಟ್ಟಲು ಮುಗಿಯಲು ಒಂದು ಗಂಟೆ ಹಿಡಿಯುತ್ತಿತ್ತು. ಹೀಗೆ ಮಾಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ತಿಂಗಳೊಳಗೆ ಮುದುಕಿ ತನ್ನ ಮೊಮ್ಮಗಳನ್ನು ಹೆಸರು ಹಿಡಿದು ಕರೆದಳು.

ವರ್ತಕ ಹಿಗ್ಗಿದ. ದಾದಿಗೆ ಶಾಲು ಹೊದಿಸಿದ. ಮರುದಿನ ಅವನು ವಾರ್ಡಿಗೆ ಬಂದಾಗ, ಅವಳನ್ನು ನೋಡಿ ಇನ್ನಿಬ್ಬರು ದಾದಿಯರೂ ರೋಗಿಗಳ ಬಳಿ ಸ್ಟೂಲು ಹಾಕಿಕೊಂಡಿದ್ದರು. ಸಂಬಳ ಕೊಡುವವನ ಕಣ್ಣಿಗೆ ಅವರು ಕೂತದ್ದು ಮಾತ್ರ ಕಂಡಿತು. ಸ್ಟೂಲುಗಳನ್ನೆಲ್ಲ ಎತ್ತಿಸಿದ.

“ಕೂತ್ರೆ ತಾನೆ ಧಣಿ, ನಿಧಾನಕ್ಕೆ ಕುಡಿಸೋಕಾಗೋದು?” ಎಂದಳು ದಾದಿ.

“ಸೇವೆ ಮಾಡೋರಿಗೆ ಸ್ಟೂಲು ಯಾಕಮ್ಮ? ಮಂಗಳಾರತಿ ಎತ್ತೋವಾಗ ಯಾರಾದ್ರೂ ಕೂರ್ತಾರಾ?” ಎಂದ ವರ್ತಕ. ಇಂಥವರ ಬಾಯಲ್ಲಿ ಮಾತಿಗೇನು ಬರ!

ದಾದಿ ಬಿಡಲಿಲ್ಲ. ಹನ್ನೆರಡು ಗಂಟೆಯ ಪಾಳಿ ನಿಂತೇ ದುಡಿದು, ಬಗ್ಗಿಕೊಂಡೇ ಕುಡಿಸಿದಳು. ಕಾಲು ಬಾತವು, ಸೊಂಟ ಹಿಡಿಯಿತು, ಕೈ ಅವಸರಪಟ್ಟಿತು. ಒಂದು ದಿನ ಗಂಜಿ ಉಸಿರಿನ ನಾಳಕ್ಕೆ ಇಳಿದು ಮುದುಕಿ ಸತ್ತಳು.

ವರ್ತಕ ಎಲ್ಲರೆದುರು ಕೇಳಿದ: “ಕುಡಿಸು ಅಂತ ನಿನಗೆ ಹೇಳಿದ್ದು ಯಾರು?”

ದಾದಿಯನ್ನು ಕೆಲಸದಿಂದ ತೆಗೆದರು.

ಆ ಪುಣ್ಯಾತ್ಮನ ಆಸ್ಪತ್ರೆಯಲ್ಲಿ ಈಗ ಯಾರಿಂದಲೂ ತಪ್ಪಾಗುವುದಿಲ್ಲ. ಗಂಜಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಬಟ್ಟಲು ತುಂಬಿದ್ದಂತೆಯೇ ಹೊತ್ತಿಗೆ ಸರಿಯಾಗಿ ವಾಪಸು ಹೋಗುತ್ತದೆ. ಈ ಕಾಲದ ದಾದಿಯರಲ್ಲಿ ಸೇವಾಭಾವವೇ ಇಲ್ಲವೆಂದು ವರ್ತಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಕತೆ ಮುಗಿಯುತ್ತಲೇ ಶಿಷ್ಯನಿಗೆ ಸಿಟ್ಟು ಉಕ್ಕಿತು. “ಎಂಥ ನೀಚ ಆ ವರ್ತಕ!” ಎಂದ.

“ಅವನು ಹಾಳಾಗಲಿ. ನಮ್ಮ ದಾದಿಯರು ಮಧ್ಯಾಹ್ನ ಎಲ್ಲಿ ಕೂತು ಉಣ್ಣುತ್ತಾರೆ?” ಎಂದರು ಗುರುಗಳು.

ಶಿಷ್ಯನಿಗೆ ಗೊತ್ತಿರಲಿಲ್ಲ.