ಎರೆಬಯಲು ಉಸಿರೆಳೆದುಕೊಂಡ ದಿನ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ನದಿಗಳು ಎಲ್ಲಿ ತಿರುಗಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಪಡುವಣದ ಬೆಟ್ಟಗಳು ಆಗಷ್ಟೇ ಎದ್ದು ನಿಂತು, ಯಾರು ಎತ್ತರ ಎಂದು ಭುಜಕ್ಕೆ ಭುಜ ಹಚ್ಚಿ ಅಳೆದುಕೊಳ್ಳುತ್ತಿದ್ದವು.

ಆ ಬೆಟ್ಟಗಳಿಂದ ಮೂಡಣಕ್ಕೆ ಎರೆಬಯಲು ಮಲಗಿತ್ತು. ಕಪ್ಪು ಮಣ್ಣಿನ ದೊಡ್ಡ ಬಯಲು. ಆಗ ಅದು ನಿಜಕ್ಕೂ ಸಪಾಟು. ಒಂದು ದಿಬ್ಬವಿಲ್ಲ, ಒಂದು ತಗ್ಗಿಲ್ಲ. ಈ ತುದಿಯಲ್ಲಿ ಇರುವೆ ಕಾಳು ಹೊತ್ತು ಹೊರಟರೆ ಆ ತುದಿಯಲ್ಲಿ ನಿಂತವರಿಗೆ ಕಾಣುತ್ತಿತ್ತು. ಅಲ್ಲಿ ಮರೆ ಎಂಬುದೇ ಇರಲಿಲ್ಲ.

ಅಂಥ ಬಯಲಿನಲ್ಲಿ ಒಂದೇ ಒಂದು ಗುಡಿಸಲು. ಅದರಲ್ಲಿ ಅಕ್ಕ ಬಾಳವ್ವ, ತಂಗಿ ನಿಂಬೆವ್ವ. ಹೆತ್ತವರು ಬೇಗ ಹೋಗಿದ್ದರು. ಬಾಳವ್ವನೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಹೊದೆಯಲು ಇಬ್ಬರಿಗೂ ಒಂದೇ ಕೌದಿ. ಅಕ್ಕ ಜೋಳ ಬೀಸುವಾಗ ತಂಗಿ ಹಾಡಬೇಕು, ಇಲ್ಲದಿದ್ದರೆ ಬೀಸುವ ಕೈ ಓಡುತ್ತಿರಲಿಲ್ಲ.

ಒಂದು ದಿನ ದೂರದ ಹೊಳೆದಂಡೆಯಿಂದ ದುರ್ಗಪ್ಪ ಎಂಬ ಅಂಬಿಗ ಬಿತ್ತುವ ಜೋಳ ಕೇಳಿಕೊಂಡು ಬಂದ. ಹೊಳೆಯ ಕತೆ ಹೇಳಿದ. ನಿಂಬೆವ್ವ ಬಾಯಿ ತೆರೆದು ಕೇಳಿದಳು. ಮೆಲ್ಲಗೆ ಅವನನ್ನು ಮೆಚ್ಚಿದಳು. ಬಾಳವ್ವನೇ ಮುಂದೆ ನಿಂತು ಮದುವೆ ಮಾಡಿದಳು.

"ಅಕ್ಕಾ, ನೀನೂ ಬಾ," ಎಂದಳು ನಿಂಬೆವ್ವ.

"ಅಪ್ಪ ಅವ್ವನ್ನ ಇದ ಮಣ್ಣಾಗ ಇಟ್ಟೀನಿ. ನಾ ಹೆಂಗ ಬರಲಿ? ನೀ ಹೋಗವ್ವಾ. ಸುಖವಾಗಿರು."

ಗಂಡ ಹೆಂಡತಿ ಹೊರಟರು. ಬಾಳವ್ವ ಬಾಗಿಲಲ್ಲಿ ನಿಂತಳು.

ನಡುಹಗಲಿಗೆ ತಂಗಿ ಗೊಂಬೆಯಷ್ಟಾದಳು. ಸಂಜೆಗೆ ಜೋಳದ ಕಾಳಿನಷ್ಟಾದಳು. ಆದರೆ ಕಾಣದೆ ಹೋಗಲಿಲ್ಲ. ಕಾಣುತ್ತಿರುವವಳನ್ನು ಬಿಟ್ಟು ಕಣ್ಣು ತಿರುಗಿಸುವುದು ಹೇಗೆ? ಬಾಳವ್ವ ಒಲೆ ಹಚ್ಚಲಿಲ್ಲ. ಮರುದಿನವೂ ಹಚ್ಚಲಿಲ್ಲ.

ಅತ್ತ ನಿಂಬೆವ್ವನ ಪಾಡೂ ಅದೇ. ಹಿಂದೆ ತಿರುಗಿದರೆ ಬಾಗಿಲಲ್ಲಿ ಅಕ್ಕ. ಇನ್ನಷ್ಟು ನಡೆದು ತಿರುಗಿದರೂ ಅಕ್ಕ. ಬಯಲಿನ ನಡುವೆ ಅವಳು ಕುಳಿತುಬಿಟ್ಟಳು.

"ಮುಂದ ನಡಿಯೋಣಂದ್ರ ನಡಿಯೋಣು. ಹಿಂದ ಹೋಗೋಣಂದ್ರ ಹೋಗೋಣು," ಎಂದ ದುರ್ಗಪ್ಪ.

"ಎಲ್ಲಿಗೂ ಕಾಲು ಏಳವಲ್ದು," ಎಂದು ಅತ್ತಳು ನಿಂಬೆವ್ವ.

ಗಾಳಿ ಅಕ್ಕತಂಗಿಯರಿಬ್ಬರ ಮಾತನ್ನೂ ಹೊತ್ತು ಓಡಾಡಿತು. "ಅಕ್ಕಾ, ನೀ ಒಳಗ ಹೋಗು, ಆಮ್ಯಾಲೆ ನಾ ನಡೀತೀನಿ." "ನೀ ಮೊದಲ ನಡಿಯವ್ವಾ, ಆಮ್ಯಾಲೆ ನಾ ಒಳಗ ಹೋಗ್ತೀನಿ." ಹೋಗುತ್ತ ಬರುತ್ತ ಗಾಳಿಗೇ ದಣಿವಾಯಿತು. ಇವಳೂ ಹೋಗಲಿಲ್ಲ, ಅವಳೂ ನಡೆಯಲಿಲ್ಲ.

ಬಿತ್ತನೆಯ ಹದ ಆರತೊಡಗಿತು. ಒಂದು ಚಿಗರೆ ಓಡಿಬಂದು ಬಾಳವ್ವನ ಮುಂದೆ ನಿಂತಿತು.

"ಬಾಳವ್ವಾ, ಅವರ ಹತ್ರ ನೀರು ಮುಗದೈತಿ. ನಿನ್ನ ತಂಗಿ ತುಟಿ ಒಡದಾವ. ಹೊಳಿ ಇನ್ನೂ ದೂರ ಐತಿ."

ಬಾಳವ್ವ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಮೂಲೆಯಲ್ಲಿ ಕೌದಿ ಇತ್ತು. ಅದನ್ನು ನೋಡಿದ್ದೇ ತಡ, ಮತ್ತೆ ಹೊರಗೆ ಓಡಿಬಂದಳು. ತಂಗಿ ಇನ್ನೂ ಅಲ್ಲೇ ಕುಳಿತಿದ್ದಳು.

ಆಗ ಬಾಳವ್ವ ಮೊಣಕಾಲೂರಿ ಕೆನ್ನೆಯನ್ನು ಮಣ್ಣಿಗೆ ಹಚ್ಚಿದಳು.

"ತಾಯಿ, ನನ್ನ ತಂಗೀನ ನನಗ ಕಾಣದಂಗ ಮಾಡು."

ಬಯಲು ತಗ್ಗಿದ ದನಿಯಲ್ಲಿ ಹೇಳಿತು: "ಬೆಟ್ಟದಂಗ ಏಳಾಕ ನನಗ ಬರೂದಿಲ್ಲವ್ವಾ. ಅವುಗಳ ಹೊಟ್ಟ್ಯಾಗ ಬೆಂಕಿ ಇತ್ತು. ನನ್ನ ಹೊಟ್ಟ್ಯಾಗ ಬರೇ ಮಣ್ಣು."

"ಬೆಟ್ಟ ಬ್ಯಾಡ. ಅಳು ನುಂಗುವಾಗ ನನ್ನ ಎದಿ ಎಷ್ಟು ಏಳತೈತಿ, ಅಷ್ಟ ಸಾಕು."

"ಮರೆ ಆದ ಮ್ಯಾಲೆ ನೀ ಒಬ್ಬಾಕಿನ ಆಗ್ತಿ."

"ಗೊತ್ತೈತಿ."

ಬಯಲು ಉಸಿರೆಳೆದುಕೊಂಡಿತು. ಎಷ್ಟು ಮೆಲ್ಲಗೆ ಎಂದರೆ ಒಂದು ಕಲ್ಲು ಉರುಳಲಿಲ್ಲ, ನೆಲದ ಮೇಲೆ ಗೂಡು ಕಟ್ಟಿದ ಹಕ್ಕಿಯ ಮೊಟ್ಟೆ ಅಲುಗಲಿಲ್ಲ. ಅಕ್ಕತಂಗಿಯರ ನಡುವೆ ಕಪ್ಪು ಮಣ್ಣು ಮೇಲೆದ್ದಿತು. ಮೊದಲು ತಂಗಿಯ ಪಾದ ಮರೆಯಾಯಿತು. ಆಮೇಲೆ ಹಸಿರು ಸೀರೆ. ಆಮೇಲೆ ತುರುಬು. ಆಮೇಲೆ ಏನೂ ಇಲ್ಲ.

ಆಚೆ ನಿಂಬೆವ್ವ ತಿರುಗಿ ನೋಡಿದಳು. ಗುಡಿಸಲಿಲ್ಲ, ಅಕ್ಕನಿಲ್ಲ. ಒಂದು ಸಲ ಬಿಕ್ಕಿ ಅತ್ತಳು. ಕಣ್ಣೊರೆಸಿಕೊಂಡು ಎದ್ದು ಗಂಡನ ಕೈ ಹಿಡಿದು ಹೊಳೆಯ ಕಡೆಗೆ ನಡೆದಳು.

ಈಚೆ ಬಾಳವ್ವ ಆ ಏರಿನ ಅಂಚನ್ನು ನೋಡುತ್ತ ನಿಂತಳು. ನೋಡಲು ಏನೂ ಉಳಿದಿರಲಿಲ್ಲ. ಒಳಗೆ ಹೋಗಿ ನೀರು ಕುಡಿದಳು. ಒಬ್ಬಳಿಗಾಗುವಷ್ಟು ರೊಟ್ಟಿ ಬಡಿದಳು. ಬೆಳಗಾದ ಮೇಲೆ ಹೊಲಕ್ಕೆ ಹೋಗಿ ಜೋಳ ಬಿತ್ತಿದಳು. ಬೀಸುವಾಗ ತಾನೇ ಹಾಡಿಕೊಂಡಳು. ತಂಗಿಯ ದನಿಯಷ್ಟು ಇಂಪಾಗಿರಲಿಲ್ಲ, ಆದರೂ ಕೈ ಓಡಿತು.

ಮರುವರ್ಷದ ಸುಗ್ಗಿ ಮುಗಿದ ಮೇಲೆ ಒಮ್ಮೆ ಅವಳು ಆ ಏರು ಹತ್ತಿದಳು. ಮೇಲೆ ನಿಂತು ನೋಡಿದರೆ ಆಚೆಗೂ ಬಯಲು, ಬರೀ ಬಯಲು. ಗಾಳಿ ಬಂದು, "ಹೊಳೆದಂಡ್ಯಾಗ ನಿನ್ನ ತಂಗಿ ಚೆನ್ನಾಗದಾಳ. ಕೂಸು ಆಗೈತಿ. ಬಾಳವ್ವ ಅಂತ ಹೆಸರಿಟ್ಟಾರ," ಎಂದಿತು. ಬಾಳವ್ವ ನಕ್ಕಳು. ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದು, ಒಬ್ಬಳೇ ಇಳಿದು ಬಂದಳು.

ಬಯಲು ಮಾತ್ರ ಆ ಉಸಿರನ್ನು ಮತ್ತೆ ಬಿಡಲೇ ಇಲ್ಲ. ಮುಂದೆ ಅಲ್ಲಿ ಊರುಗಳಾದವು. ಹೋಗುವವರಾದರು, ಕಳಿಸುವವರಾದರು. ಎಲ್ಲಿ ಯಾರೇ ಬಾಗಿಲಲ್ಲಿ ಬಹಳ ಹೊತ್ತು ನಿಂತರೂ ಬಯಲು ಅಲ್ಲೊಂದು ಉಸಿರು ಎಳೆದುಕೊಂಡಿತು. ಹಾಗೆ ಏರು, ಇಳುಕಲು, ಮತ್ತೆ ಏರು. ಇದನ್ನು ಅದು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಬೆಟ್ಟಗಳು ದೂರದಿಂದ ನೋಡಿ, "ಪಾಪ, ಅದು ಬರೀ ಸಪಾಟು," ಎಂದವು. ಜನರೂ ಹಾಗೇ ಅಂದರು. ಅದೇ ಹೆಸರು ಉಳಿಯಿತು.

ಅದಕ್ಕೇ ಇಂದಿಗೂ, ಸಪಾಟು ಎಂದು ಹೆಸರಾದ ಆ ಎರೆಬಯಲಿನಲ್ಲಿ ಸೈಕಲ್ ತುಳಿದರೆ ಕಣ್ಣಿಗೆ ಕಾಣದ ಏರು ಕಾಲಿಗೆ ಗೊತ್ತಾಗುತ್ತದೆ. ಹೊರಟ ಬಸ್ಸಿನ ಗಾಲಿ, ಕಿಟಕಿ, ಕೊನೆಗೆ ಮೇಲೆ ಕಟ್ಟಿದ ಗಂಟುಗಳೂ ನೆಲದೊಳಗೆ ಇಳಿದಂತೆ ಮರೆಯಾಗುತ್ತವೆ, ಕಳಿಸಲು ಬಂದವರು ಮನೆಯ ಕಡೆ ತಿರುಗುತ್ತಾರೆ.